ನಿಮ್ಮ ಊರು ಯಾವುದು ಮಾರಾಯ್ರೆ?

ಅಮೆರಿಕದವರಿಗೆ ಫುಟ್‌ಬಾಲ್ ಅಂದರೆ ಕೈಯಲ್ಲಿ ಹಿಡಿದುಕೊಂಡು ಓಡುವ ಆಟ. ನಾವು ಕಾಲಲ್ಲಿ ಆಡುವುದಕ್ಕೆ ಅವರು ಸಾಕರ್ ಅನ್ನುತ್ತಾರೆ. ಅದರಲ್ಲೂ ಕಾಲೇಜು ಹುಡುಗರ ಸಾಕರ್ ಅಂದರೆ ಅಲ್ಲಿಯವರೇ ಹೆಚ್ಚು ಮಂದಿ ತಲೆ ಕೆಡಿಸಿಕೊಳ್ಳುವುದಿಲ್ಲ. ಹೀಗಿರುವಾಗ ಮುಂಬಯಿಯ ಒಂದು ಉಪನಗರದಲ್ಲಿ ಕೂತ, ಎಪ್ಪತ್ತೈದು ದಾಟಿದ ನಾನು, ನವೆಂಬರ್ ಬಂತೆಂದರೆ ಅವರ ರಾಷ್ಟ್ರೀಯ ಚಾಂಪಿಯನ್‌ಶಿಪ್ಪಿನ ಪಟ್ಟಿ ಹುಡುಕಿ ಕನ್ನಡಕ ಏರಿಸಿಕೊಂಡು ಓದುತ್ತೇನೆ ಅಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ. ನನ್ನ ಹೆಂಡತಿಯೂ ನಗುತ್ತಾಳೆ. "ಆ ಹುಡುಗರಲ್ಲಿ ಒಬ್ಬನಾದರೂ ನಮ್ಮ ಕಡೆಯವನು ಇದ್ದಾನಾ?" ಅಂತ ಕೇಳುತ್ತಾಳೆ. ಇಲ್ಲ. ಆದರೂ ಆ ಪ್ರಶ್ನೆಯ ಸುತ್ತಲೇ ಈ ಟೂರ್ನಮೆಂಟಿನ ಕತೆ ಇದೆ ಅಂತ ನನಗೆ ಅನ್ನಿಸಿಬಿಟ್ಟಿದೆ.

ಮೊದಲು ಇದೇನು ಅಂತ ಎರಡು ಮಾತು. ಎನ್‌ಸಿಎಎ ಅಂತ ಅವರ ಕಾಲೇಜು ಕ್ರೀಡೆಗಳ ದೊಡ್ಡ ಸಂಸ್ಥೆ. ಅದು 1959ರಿಂದ ಗಂಡುಹುಡುಗರ ಸಾಕರ್ ಚಾಂಪಿಯನ್‌ಶಿಪ್ ನಡೆಸುತ್ತಿದೆ. ಮೊದಲ ದರ್ಜೆಯ ಇನ್ನೂರಕ್ಕೂ ಹೆಚ್ಚು ಕಾಲೇಜುಗಳು ಆಗಸ್ಟ್ ಕೊನೆಯಿಂದ ಆಡುತ್ತವೆ. ಅವುಗಳಲ್ಲಿ 48 ತಂಡಗಳು ನವೆಂಬರಿನ ನಾಕೌಟ್ ಸುತ್ತಿಗೆ ಬರುತ್ತವೆ. ಒಂದು ಸೋತರೆ ಮನೆಗೆ. ಉಳಿದ ನಾಲ್ಕು ಡಿಸೆಂಬರಿನಲ್ಲಿ ಒಂದೇ ಊರಿನಲ್ಲಿ ಸೇರುತ್ತವೆ, ಅದಕ್ಕೆ ಕಾಲೇಜ್ ಕಪ್ ಅಂತ ಹೆಸರು. ನಮಗೆ ವಿಚಿತ್ರ ಅನ್ನಿಸುವ ಸಂಗತಿಗಳೂ ಇವೆ. ಗಡಿಯಾರ 45ರಿಂದ ಹಿಂದಕ್ಕೆ ಓಡಿ ಸೊನ್ನೆಗೆ ಬಂದು ನಿಲ್ಲುತ್ತದೆ, ಗ್ಯಾಸ್ ಒಲೆಯ ಟೈಮರಿನ ಹಾಗೆ. ಹೊರಗೆ ಹೋದ ಆಟಗಾರ ಮತ್ತೆ ಒಳಗೆ ಬರಬಹುದು. ಒಂದು ತಂಡಕ್ಕೆ ಬಹಳ ವರ್ಷ ಇದ್ದ ಸ್ಕಾಲರ್‌ಶಿಪ್ಪಿನ ಮಿತಿ ಎಷ್ಟು ಗೊತ್ತೇ? 9.9. ಒಂಬತ್ತೂ ಅಲ್ಲ, ಹತ್ತೂ ಅಲ್ಲ. ಅದನ್ನೇ ಇಪ್ಪತ್ತೈದು ಮೂವತ್ತು ಹುಡುಗರಿಗೆ ಚೂರುಚೂರು ಮಾಡಿ ಹಂಚಬೇಕು. ಹೋಟೆಲಿನಲ್ಲಿ ಒಂದು ಲೀಟರ್ ಹಾಲಿಗೆ ಎಷ್ಟು ಕಪ್ ಚಹಾ ಅಂತ ಲೆಕ್ಕ ಹಾಕಿದವರಿಗೆ ಮಾತ್ರ ಇದು ಅರ್ಥವಾದೀತು! (2025ರಲ್ಲಿ ಈ ಲೆಕ್ಕ ಬದಲಾಗಿದೆ, ಹೊಸ ಪದ್ಧತಿಗೆ ಸೇರಿದ ಕಾಲೇಜುಗಳಿಗೆ ಈಗ ತಂಡದಲ್ಲಿ ಎಷ್ಟು ಜನ ಅನ್ನುವುದಕ್ಕೆ ಮಿತಿ.)

ನನಗೆ ಇದರ ಗೀಳು ಹಚ್ಚಿದವನು ಮೊಮ್ಮಗ. ಮಗಳ ಸಂಸಾರ ಇಂಡಿಯಾನಾ ರಾಜ್ಯದ ಇಂಡಿಯಾನಾಪೊಲಿಸ್‌ನಲ್ಲಿದೆ. 2018ರಲ್ಲಿ ನಾವು ಹೋಗಿದ್ದಾಗ ಅವನಿಗೆ ಹದಿನಾರು. ಹೈಸ್ಕೂಲು ತಂಡದಲ್ಲಿ ಬಲಗಡೆಯ ಡಿಫೆಂಡರ್. ಅಲ್ಲಿಂದ ಒಂದು ಗಂಟೆಯ ದಾರಿ ಬ್ಲೂಮಿಂಗ್ಟನ್, ಇಂಡಿಯಾನಾ ಯೂನಿವರ್ಸಿಟಿಯ ಊರು. ಅಲ್ಲಿ ಆಡಬೇಕು ಅನ್ನುವುದು ಅವನ ಕನಸು. ನವೆಂಬರಿನ ಒಂದು ಸಂಜೆ ನಾಕೌಟ್ ಪಂದ್ಯಕ್ಕೆ ಕರೆದುಕೊಂಡು ಹೋದ. ಬಿಲ್ ಆರ್ಮ್‌ಸ್ಟ್ರಾಂಗ್ ಸ್ಟೇಡಿಯಂ ಅಂತ. ಮೈದಾನದ ಸುತ್ತ ಸೈಕಲ್ ರೇಸಿನ ಟ್ರ್ಯಾಕು, ಅದರಾಚೆ ಮೆಟ್ಟಿಲು. ಚಳಿಯ ಬಗ್ಗೆ ಹೇಳುವುದೇ ಬೇಡ. ಮಗಳು ಕೊಟ್ಟ ಎರಡು ಸ್ವೆಟರ್, ಅಳಿಯನ ಜಾಕೆಟ್, ಮೇಲೊಂದು ಮಫ್ಲರ್ ಸುತ್ತಿಕೊಂಡು ಮೂಟೆಯ ಹಾಗೆ ಕೂತಿದ್ದೆ.

ಆಟ ಶುರುವಾಗುವ ಮೊದಲು ಮೈಕಿನಲ್ಲಿ ಒಬ್ಬೊಬ್ಬ ಆಟಗಾರನ ಹೆಸರು ಹೇಳಿದರು. ಹೆಸರಿನ ಜೊತೆ ಊರು. ಇಂಥವನು, ಇಂಥ ಊರಿನವನು. ನನಗೆ ಅದು ಬಹಳ ಹಿಡಿಸಿತು. ಮುಂಬಯಿಯಲ್ಲಿ ನಾವು ಮಾಡುವುದೂ ಅದೇ ತಾನೇ? ಲೋಕಲ್ ಟ್ರೈನಿನಲ್ಲಿ ಪಕ್ಕದವನ ಬಾಯಲ್ಲಿ ಕನ್ನಡವೋ ತುಳುವೋ ಬಿದ್ದರೆ ಹೆಸರು ಆಮೇಲೆ, ಮೊದಲ ಪ್ರಶ್ನೆ 'ನಿಮ್ಮ ಊರು ಯಾವುದು ಮಾರಾಯ್ರೆ?' ಇಂಡಿಯಾನಾದ ಹುಡುಗರು ಹೆಚ್ಚಿನವರು ಆಸುಪಾಸಿನವರೇ. ಎದುರಿನ ತಂಡದಲ್ಲಿ ಸಮುದ್ರದಾಚೆಯ ಊರಿನವರೂ ಇದ್ದರು. ಪ್ರತಿ ಸಲ ದೂರದ ಊರು ಕೇಳಿದಾಗ ನನ್ನ ಮೊಮ್ಮಗ ಮೂಗು ಮುರಿಯುತ್ತಿದ್ದ. ಆವತ್ತು ನಾನು ಅದಕ್ಕೆ ಅಷ್ಟು ಗಮನ ಕೊಡಲಿಲ್ಲ. ಆ ವರ್ಷ ಇಂಡಿಯಾನಾ ಕೊನೆಯ ನಾಲ್ಕರವರೆಗೆ ಹೋಗಿ ಮೇರಿಲ್ಯಾಂಡ್ ಎದುರು ಸೋತಿತು. ಕಪ್ ಗೆದ್ದದ್ದೂ ಮೇರಿಲ್ಯಾಂಡೇ.

ಊರಿಗೆ (ಅಂದರೆ ಮುಂಬಯಿಗೆ! ನೋಡಿ, ಅಭ್ಯಾಸ) ಬಂದ ಮೇಲೆ ಇದರ ಹಳೆಯ ಕತೆಗಳನ್ನು ಓದಲು ಹಿಡಿದೆ. ಶುರುವಿನ ಹದಿನೈದು ವರ್ಷ ಸೇಂಟ್ ಲೂಯಿಸ್ ಯೂನಿವರ್ಸಿಟಿಯ ರಾಜ್ಯಭಾರ. 1959ರ ಮೊದಲ ಕಪ್ ಅವರದೇ. 1973ರೊಳಗೆ ಹತ್ತು ಸಲ ಗೆದ್ದರು, ಅದರಲ್ಲಿ 1967ರದು ಮಿಷಿಗನ್ ಸ್ಟೇಟ್ ಜೊತೆ ಹಂಚಿಕೊಂಡದ್ದು. ವಿಶೇಷ ಏನೆಂದರೆ ಹೆಚ್ಚುಕಡಿಮೆ ಎಲ್ಲ ಅದೇ ನಗರದ ಹುಡುಗರು. ಚರ್ಚಿನ ಕೇರಿಗಳಲ್ಲಿ, ಕೆಥೊಲಿಕ್ ಶಾಲೆಗಳಲ್ಲಿ ಚಿಕ್ಕಂದಿನಿಂದ ಆಡಿಕೊಂಡು ಬೆಳೆದವರು. 1950ರ ವಿಶ್ವಕಪ್ಪಿನಲ್ಲಿ ಅಮೆರಿಕ ಇಂಗ್ಲೆಂಡನ್ನು 1-0 ಸೋಲಿಸಿ ಜಗತ್ತಿಗೆ ಶಾಕ್ ಕೊಟ್ಟಿತಲ್ಲ, ಆ ತಂಡದಲ್ಲೂ ಐವರು ಸೇಂಟ್ ಲೂಯಿಸಿನವರು. ಆದರೆ ಗೋಲು ಹೊಡೆದವನು? ಜೋ ಗೇಟ್ಯೆನ್ಸ್, ಹೈಟಿ ದೇಶದವನು. ನ್ಯೂಯಾರ್ಕಿನ ಕೊಲಂಬಿಯಾ ಯೂನಿವರ್ಸಿಟಿಯಲ್ಲಿ ಓದಲು ಬಂದು, ಖರ್ಚಿಗಾಗಿ ರೆಸ್ಟೋರೆಂಟಿನಲ್ಲಿ ಪಾತ್ರೆ ತೊಳೆಯುತ್ತಿದ್ದವನು. ಆಗ ಅಮೆರಿಕದ ಪೌರನೂ ಅಲ್ಲ. ಇದನ್ನು ಓದಿದಾಗ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಈಗ ಹಾವರ್ಡ್ ಕತೆಗೆ ಬರೋಣ. ಇದು ಬಾಸ್ಟನ್ ಹತ್ತಿರದ ಆ ಹಾರ್ವರ್ಡ್ ಅಲ್ಲ. ವಾಷಿಂಗ್ಟನ್ ನಗರದ ಹಾವರ್ಡ್ ಯೂನಿವರ್ಸಿಟಿ, ಗುಲಾಮಗಿರಿ ಹೋದ ಮೇಲೆ 1867ರಲ್ಲಿ ಶುರುವಾದದ್ದು, ಕರಿಯ ಜನಾಂಗದವರು ಓದುತ್ತಾ ಬಂದ ದೊಡ್ಡ ವಿದ್ಯಾಸಂಸ್ಥೆ. 1970ರಲ್ಲಿ ಅದರ ಸಾಕರ್ ಕೋಚ್ ಆಗಿ ಬಂದವರು ಲಿಂಕನ್ ಫಿಲಿಪ್ಸ್, ಟ್ರಿನಿಡಾಡ್ ದೇಶದ ಗೋಲ್‌ಕೀಪರ್ ಆಗಿದ್ದವರು. ಅವರು ಕಟ್ಟಿದ ತಂಡ ನೋಡಬೇಕು ನೀವು. ಟ್ರಿನಿಡಾಡ್, ಜಮೈಕಾ, ಬರ್ಮುಡಾ, ನೈಜೀರಿಯಾ, ಗಿನಿ... ಎಲ್ಲ ಓದಲೆಂದು ಮನೆ ಬಿಟ್ಟು ಬಂದ ಹುಡುಗರು. ಇಂಗ್ಲಿಷು ಒಬ್ಬೊಬ್ಬನದು ಒಂದೊಂದು ತರ. ಅಮೆರಿಕದ ಬಿಳಿಯರಿಗೆ ಇವರು ಕರಿಯರು, ಅಮೆರಿಕದ ಕರಿಯರಿಗೆ ಇವರು ಪರದೇಶಿಗಳು. ನಾವು ಮುಂಬಯಿಯಲ್ಲಿ 'ಮದ್ರಾಸಿ', ಊರಿಗೆ ಹೋದರೆ 'ಬೊಂಬಾಯಿಯವರು' ಆದ ಹಾಗೆ ಅನ್ನಿ.

1971ರ ಫೈನಲ್ ಮಯಾಮಿಯ ಆರೆಂಜ್ ಬೌಲ್‌ನಲ್ಲಿ. ಎದುರಿಗೆ ಸೇಂಟ್ ಲೂಯಿಸ್, ಹಿಂದಿನ ಎರಡು ವರ್ಷದ ಚಾಂಪಿಯನ್. ಹಾವರ್ಡ್ 3-2ರಲ್ಲಿ ಗೆದ್ದಿತು. ಕರಿಯರ ಕಾಲೇಜೊಂದು ಎನ್‌ಸಿಎಎಯ ಮೊದಲ ದರ್ಜೆಯಲ್ಲಿ ಯಾವುದೇ ಆಟದಲ್ಲಿ ರಾಷ್ಟ್ರೀಯ ಕಪ್ ಗೆದ್ದದ್ದು ಅದೇ ಮೊದಲು.

ಆಮೇಲೆ ವಿಚಾರಣೆ ಬಂತು. ಆಟಗಾರರ ಅರ್ಹತೆಯ ಬಗ್ಗೆ ತಕರಾರು. ಪ್ರವೇಶ ಪರೀಕ್ಷೆಯ ಅಂಕದ ನಿಯಮ, ಎಷ್ಟು ವರ್ಷ ಆಡಬಹುದು ಅನ್ನುವ ನಿಯಮ, ಹೀಗೆ. ಅವುಗಳಲ್ಲಿ ಒಂದು ವಿದೇಶಿ ವಿದ್ಯಾರ್ಥಿಗಳಿಗೆಂದೇ ಮಾಡಿದ ನಿಯಮ. ಹತ್ತೊಂಬತ್ತು ವಯಸ್ಸಾದ ಮೇಲೆ ನಿಮ್ಮ ದೇಶದಲ್ಲಿ ನೀವು ಸಂಘಟಿತವಾಗಿ ಆಟ ಆಡಿದ್ದರೆ, ಆ ಒಂದೊಂದು ವರ್ಷವನ್ನೂ ಇಲ್ಲಿಯ ಕಾಲೇಜು ಲೆಕ್ಕದಲ್ಲಿ ಕಳೆಯುತ್ತೇವೆ ಅಂತ. ಅಮೆರಿಕದ ಹುಡುಗ ಹತ್ತೊಂಬತ್ತರ ಮೇಲೆ ತನ್ನ ಊರಿನ ಕ್ಲಬ್ಬಿನಲ್ಲಿ ಆಡಿದರೆ? ಅದಕ್ಕೆ ಆ ನಿಯಮ ಇಲ್ಲ. 1973ರ ಆರಂಭದಲ್ಲಿ ಎನ್‌ಸಿಎಎ ಹಾವರ್ಡಿನ ಕಪ್ ರದ್ದು ಮಾಡಿತು, ಆ ವರ್ಷದ ನಾಕೌಟಿನಿಂದಲೂ ಹೊರಗೆ ಹಾಕಿತು. ಹಾವರ್ಡ್ ಕೋರ್ಟಿಗೆ ಹೋಯಿತು. ಫೆಡರಲ್ ಕೋರ್ಟು ಆ ವಿದೇಶಿ ನಿಯಮ ಸಮಾನತೆಯ ಹಕ್ಕಿಗೆ ವಿರುದ್ಧ ಅಂತ ತಳ್ಳಿಹಾಕಿತು. ಆದರೆ ಬೇರೆ ನಿಯಮಗಳ ಆಧಾರದ ಮೇಲೆ ಶಿಕ್ಷೆಯನ್ನು ಉಳಿಸಿತು. 1975ರಲ್ಲಿ ಮೇಲಿನ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಅಂದರೆ ನಿಯಮ ತಪ್ಪು, ಕಪ್ ಮಾತ್ರ ವಾಪಸಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲವೇನೋ. 1974ರಲ್ಲಿ ನಿಷೇಧ ಕಳೆದು ಹಾವರ್ಡ್ ಮತ್ತೆ ಬಂತು. ಹತ್ತೊಂಬತ್ತು ಪಂದ್ಯ ಆಡಿ ಹತ್ತೊಂಬತ್ತೂ ಗೆದ್ದರು. ಫೈನಲ್ ಎಲ್ಲಿ ಅಂತೀರಿ? ಸೇಂಟ್ ಲೂಯಿಸ್ ನಗರದಲ್ಲೇ, ಸೇಂಟ್ ಲೂಯಿಸ್ ತಂಡದ ಎದುರಿಗೇ. 1-1. ಅಧಿಕ ಅವಧಿ ಒಂದಾಯಿತು, ಎರಡಾಯಿತು, ಮೂರಾಯಿತು. ನಾಲ್ಕನೆಯದರಲ್ಲಿ ಕೆನೆತ್ ಇಲೊಡಿಗ್ವೆ ಗೋಲು ಹೊಡೆದ. 2-1. ಈ ಕಪ್ಪನ್ನು ಯಾರೂ ಕಿತ್ತುಕೊಳ್ಳಲಿಲ್ಲ. ಸೇಂಟ್ ಲೂಯಿಸ್ ಅವತ್ತಿನಿಂದ ಈವರೆಗೆ ಮತ್ತೆ ಚಾಂಪಿಯನ್ ಆಗಿಲ್ಲ, ಆದರೂ ಹತ್ತು ಕಪ್ಪಿನ ದಾಖಲೆ ಅವರದೇ.

ಈಗ ನಿದ್ದೆ ಬಾರದ ವಿಷಯ. ನಾನು ಮುಂಬಯಿಗೆ ಬಂದದ್ದು 1964ರಲ್ಲಿ, ಹದಿನಾಲ್ಕರ ಪ್ರಾಯದಲ್ಲಿ. ಫೋರ್ಟಿನ ಒಂದು ಹೋಟೆಲಿನಲ್ಲಿ ಮೊದಲು ಕಪ್ಪು ಬಸಿ ತೊಳೆಯುವುದು, ಆಮೇಲೆ ಟೇಬಲ್ ಒರೆಸುವುದು. ನಿಮ್ಮಲ್ಲಿ ತುಂಬಾ ಜನರ ಅಪ್ಪಂದಿರ ಕತೆಯೂ ಇದೇ ಇರುತ್ತದೆ, ವಿವರ ಬೇಡ. ಸಂಜೆ ಕನ್ನಡದ ರಾತ್ರಿ ಶಾಲೆ. ನಮ್ಮ ಹಿರಿಯರು ಈ ರಾತ್ರಿ ಶಾಲೆಗಳನ್ನು ಕಟ್ಟದೆ ಇದ್ದಿದ್ದರೆ ನಾವು ತಟ್ಟೆ ತೊಳೆಯುತ್ತಲೇ ಮುದುಕರಾಗುತ್ತಿದ್ದೆವು. ಭಾನುವಾರ ಮಧ್ಯಾಹ್ನ ಎರಡು ಗಂಟೆ ಬಿಡುವು. ಆಜಾದ್ ಮೈದಾನದ ಒಂದು ಮೂಲೆಯಲ್ಲಿ ಬರಿಗಾಲಲ್ಲಿ ಚೆಂಡು. ಕೂಪರೇಜ್ ಮೈದಾನದಲ್ಲಿ ರೋವರ್ಸ್ ಕಪ್ ನಡೆದರೆ ಹೊರಗೆ ನಿಂತು ಸದ್ದು ಕೇಳುವುದು. ಆ ರೋವರ್ಸ್ ಕಪ್ಪನ್ನು 1937ರಲ್ಲಿ ಬ್ರಿಟಿಷ್ ಪಲ್ಟನ್ನುಗಳ ಕೈಯಿಂದ ಕಸಿದುಕೊಂಡದ್ದು ನಮ್ಮ ಬೆಂಗಳೂರು ಮುಸ್ಲಿಮ್ಸ್ ತಂಡ ಅಂತ ಹೋಟೆಲಿನ ಹಳೆಯ ಅಡಿಗೆಯವರೊಬ್ಬರು ಹೆಮ್ಮೆಯಿಂದ ಹೇಳುತ್ತಿದ್ದರು. ಸೌಟು ಬೀಸಿ ಬೀಸಿ ಹೇಳುತ್ತಿದ್ದರು, ಸಾಂಬಾರು ನಮ್ಮ ಮೇಲೆ!

1968ರಲ್ಲಿ ನಮ್ಮ ರಾತ್ರಿ ಶಾಲೆಯ ತಂಡ ಶಾಲೆಗಳ ಒಂದು ಪಂದ್ಯಾವಳಿಗೆ ಹೆಸರು ಕೊಟ್ಟಿತು. ಎಲ್ಲ ಹೋಟೆಲ್ ಹುಡುಗರು, ಇಬ್ಬರು ಕ್ಯಾಂಟೀನಿನವರು. ಸೆಮಿಫೈನಲ್ ಗೆದ್ದೆವು. ಎರಡು ದಿನ ಬಿಟ್ಟು ಶಾಲೆಗೆ ಕಾಗದ ಬಂತು, ನಾಲ್ವರಿಗೆ ವಯಸ್ಸು ಮೀರಿದೆ, ತಂಡ ರದ್ದು ಅಂತ. ವಯಸ್ಸು ಮೀರಿದ್ದು ಹೌದು, ನಮ್ಮ ಮೇಷ್ಟ್ರು ಹೆಸರು ಕೊಡುವಾಗಲೇ ಜನ್ಮ ತಾರೀಕು ಬರೆದು ಕೊಟ್ಟಿದ್ದರು. ಆದರೆ ಹಗಲು ದುಡಿದು ರಾತ್ರಿ ಓದುವವನು ಹದಿನೆಂಟಕ್ಕೆ ಒಂಬತ್ತನೇ ಕ್ಲಾಸಿನಲ್ಲಲ್ಲದೆ ಇನ್ನೆಲ್ಲಿ ಇರುತ್ತಾನೆ? ಮೇಷ್ಟ್ರು ಕೇಳಲು ಹೋದರು, ನಾನೂ ಜೊತೆಗೆ ಹೋಗಿದ್ದೆ. ಅಲ್ಲಿ ಕೂತಿದ್ದ ಮಹಾಶಯರು ನಿಯಮದ ಪುಸ್ತಕ ತೆಗೆಯಲೇ ಇಲ್ಲ. "ಇಷ್ಟು ಆಡುವ ಆಸೆ ಇದ್ದರೆ ನಿಮ್ಮ ಊರಿಗೆ ಹೋಗಿ ಆಡಿ, ಇಲ್ಲಿಯ ಹುಡುಗರ ಜಾಗ ಯಾಕೆ ತಿನ್ನುತ್ತೀರಿ?" ಅಂದರು, ಮರಾಠಿಯಲ್ಲಿ. ಆ ದಿನಗಳಲ್ಲಿ ಲುಂಗಿಯವರನ್ನು ಓಡಿಸಿ ಅನ್ನುವ ಕೂಗು ಬೀದಿಬೀದಿಯಲ್ಲಿತ್ತು. ನಾವು ಸಂಜೆ ಹೊತ್ತು ಹೋಟೆಲಿನ ಅರ್ಧ ಶಟರ್ ಎಳೆದು ಕೂರುತ್ತಿದ್ದೆವು. ಮೇಷ್ಟ್ರು ಏನೂ ಹೇಳದೆ ಹೊರಗೆ ಬಂದರು. ಬೋರಿಬಂದರಿನವರೆಗೆ ಇಬ್ಬರೂ ಮಾತಾಡದೆ ನಡೆದೆವು.

ಹೋಲಿಕೆ ದೊಡ್ಡದು ಮಾಡುವುದು ಬೇಡ. ನಮ್ಮದು ಒಂದು ಹಿತ್ತಾಳೆ ಶೀಲ್ಡಿನ ವಿಷಯ. ಅವರದು ರಾಷ್ಟ್ರೀಯ ಕಪ್, ಅದರ ಹಿಂದೆ ಗುಲಾಮಗಿರಿಯ ಇನ್ನೂರು ಮುನ್ನೂರು ವರ್ಷದ ನೋವು. ಆದರೆ ಹಾವರ್ಡಿನ ಹುಡುಗರ ಕತೆ ಓದಿದಾಗ ನನಗೆ ಮೇಷ್ಟ್ರ ಬೆನ್ನು ಕಂಡಿತು, ಮುಂದೆ ಮುಂದೆ ನಡೆಯುತ್ತಿದ್ದ ಆ ಬಿಳಿ ಅಂಗಿಯ ಬೆನ್ನು.

ಸರಿ, ಆಮೇಲಿನ ಚರಿತ್ರೆ ಬೇಗ ಹೇಳಿ ಮುಗಿಸುತ್ತೇನೆ. ಇಂಡಿಯಾನಾದಲ್ಲಿ ಜೆರಿ ಯೇಗ್ಲಿ ಅನ್ನುವ ಕೋಚ್ ತಂಡ ಕಟ್ಟಿದರು. 1973ರಿಂದ 2003ರವರೆಗೆ ಇದ್ದು ಆರು ಕಪ್ ಗೆದ್ದರು, ಒಟ್ಟು ಆ ಕಾಲೇಜಿಗೆ ಎಂಟು. 1982ರ ಮೊದಲ ಕಪ್ ಬಂದದ್ದು ಡ್ಯೂಕ್ ಎದುರು ಎಂಟು ಅಧಿಕ ಅವಧಿ ಆಡಿ! ಮನುಷ್ಯರೋ ಎತ್ತುಗಳೋ. 1989ರಲ್ಲಿ ವರ್ಜೀನಿಯಾ, ಸಾಂಟಾ ಕ್ಲಾರಾ ಎರಡೂ ಚಳಿಯಲ್ಲಿ ಆಡಿ ಆಡಿ 1-1ರಲ್ಲೇ ಉಳಿದು ಕಪ್ ಹಂಚಿಕೊಂಡವು. ಆ ವರ್ಜೀನಿಯಾದ ಕೋಚ್ ಬ್ರೂಸ್ ಅರೀನಾ 1991ರಿಂದ 1994ರವರೆಗೆ ಸತತ ನಾಲ್ಕು ಗೆದ್ದು, ಮುಂದೆ 2002ರಲ್ಲಿ ಅಮೆರಿಕವನ್ನು ವಿಶ್ವಕಪ್ಪಿನ ಕ್ವಾರ್ಟರ್ ಫೈನಲಿಗೆ ಒಯ್ದರು.

2020ರ ಟೂರ್ನಮೆಂಟು ಕೊರೊನಾದಿಂದ ಮುಂದೆ ಹೋಗಿ 2021ರ ಮೇ ತಿಂಗಳಲ್ಲಿ ಮುಗಿಯಿತು. ಫೈನಲಿನಲ್ಲಿ ಇಂಡಿಯಾನಾ ಮತ್ತು ಮಾರ್ಷಲ್. ಮಾರ್ಷಲ್ ಅಂದರೆ ವೆಸ್ಟ್ ವರ್ಜೀನಿಯಾದ ಹಂಟಿಂಗ್ಟನ್ ಅನ್ನುವ ಸಣ್ಣ ಊರಿನ ಕಾಲೇಜು. 1970ರಲ್ಲಿ ಅವರ ಅಮೆರಿಕನ್ ಫುಟ್‌ಬಾಲ್ ತಂಡ ಬರುತ್ತಿದ್ದ ವಿಮಾನ ಬಿದ್ದು 75 ಜನ ಸತ್ತ ಊರು ಅದು. ಈ ಸಾಕರ್ ತಂಡಕ್ಕೆ ಕೋಚ್ ಇಂಗ್ಲೆಂಡಿನವರು, ಹುಡುಗರು ಇಂಗ್ಲೆಂಡ್, ಬ್ರೆಜಿಲ್, ಜರ್ಮನಿ ಕಡೆಯವರು ಬೇಕಾದಷ್ಟು. ಅಧಿಕ ಅವಧಿಯಲ್ಲಿ ಜಮೀಲ್ ರಾಬರ್ಟ್ಸ್ ಅನ್ನುವ ಇಂಗ್ಲಿಷ್ ಹುಡುಗ ಗೋಲು ಹೊಡೆದ, 1-0. ಮುಂಬಯಿಯಲ್ಲಿ ಬೆಳಗಿನ ಜಾವ. ನಾನು ಒಬ್ಬನೇ ಕೂತು ಚಪ್ಪಾಳೆ ಹೊಡೆದೆ, ಹಾವರ್ಡಿನವರು ನೆನಪಾದರು.

ಆಮೇಲೆ ಮೊಮ್ಮಗನಿಗೆ ಫೋನ್ ಮಾಡಿದೆ. ಅವನು ಅಳುವುದೊಂದು ಬಾಕಿ. ಅವನಿಗೆ ಹಿಂದಿನ ವರ್ಷವಷ್ಟೇ ಯಾವ ಕಾಲೇಜು ತಂಡದಲ್ಲೂ ಜಾಗ ಸಿಕ್ಕಿರಲಿಲ್ಲ. ಒಂದು ಕಾಲೇಜಿನ ಕೋಚ್ ಮೊದಲು ಆಸೆ ತೋರಿಸಿ ಆಮೇಲೆ ಉತ್ತರವೇ ಕೊಡಲಿಲ್ಲವಂತೆ. ಅವನ ಜಾಗಕ್ಕೆ ಯೂರೋಪಿನಿಂದ ಒಬ್ಬ ಬಂದನಂತೆ, ಇಪ್ಪತ್ತೊಂದು ವರ್ಷದವನು. "ಅಜ್ಜ, ನನಗೆ ಹದಿನೆಂಟು. ಅವನು ಅಲ್ಲಿ ಕ್ಲಬ್ ಅಕಾಡೆಮಿಯಲ್ಲಿ ಆಡಿ ಬಂದವನು. ಇಲ್ಲಿಯ ಹುಡುಗರ ಜಾಗವನ್ನೆಲ್ಲ ಅವರೇ ತಿನ್ನುತ್ತಾರೆ" ಅಂದ. ಇಂಗ್ಲಿಷಿನಲ್ಲಿ.

ನಾನು ಫೋನ್ ಹಿಡಿದುಕೊಂಡು ಸುಮ್ಮನಾದೆ. ಐವತ್ತಮೂರು ವರ್ಷದ ಹಿಂದೆ ಮರಾಠಿಯಲ್ಲಿ ಕೇಳಿದ ಮಾತು ನನ್ನ ಮಗಳ ಮಗನ ಬಾಯಲ್ಲಿ. ಸಿಟ್ಟು ಬಂತು, ನಿಜ ಹೇಳುತ್ತೇನೆ. ನಿನ್ನ ಅಪ್ಪ ಅಲ್ಲಿಗೆ ಹೋದದ್ದು ಯಾರ ಜಾಗಕ್ಕೆ ಅಂತ ಕೇಳಬೇಕೆಂದು ನಾಲಿಗೆಯ ತುದಿಯವರೆಗೆ ಬಂದಿತ್ತು. ಆದರೆ ಅವನ ಮಾತಿನಲ್ಲಿ ಸುಳ್ಳೂ ಇರಲಿಲ್ಲವಲ್ಲ? ಹದಿನೆಂಟರ ಹುಡುಗ ಹತ್ತು ವರ್ಷ ಪ್ರತಿ ಶನಿವಾರ ಆಡಿದ್ದಾನೆ, ಮಗಳು ಪ್ರತಿ ಶನಿವಾರ ಕಾರು ಓಡಿಸಿದ್ದಾಳೆ. 1968ರಲ್ಲಿ ನಾವು ಸೋಲಿಸಿದ ಶಾಲೆಯ ಹುಡುಗರಿಗೂ ಹದಿನಾರೋ ಹದಿನೇಳೋ ಇದ್ದಿರಬೇಕು, ನಮ್ಮ ಭುಜ ತಾಗಿದರೆ ಹಾರಿ ಬೀಳುತ್ತಿದ್ದರು. ಅವರ ಬಗ್ಗೆ ನಾನು ಇಷ್ಟು ವರ್ಷ ಯೋಚನೆಯನ್ನೇ ಮಾಡಿರಲಿಲ್ಲ.

ಆದರೂ ನನ್ನ ಅಭಿಪ್ರಾಯ ಬದಲಾಗಿಲ್ಲ. ವಯಸ್ಸಿನ ನಿಯಮ ಇರಲಿ, ಬೇಕಾದರೆ ಬಿಗಿ ಮಾಡಲಿ, ಆದರೆ ಎಲ್ಲರಿಗೂ ಒಂದೇ ಇರಲಿ. ಮೈಕಿನಲ್ಲಿ ಊರು ಹೇಳುವುದು ಚಂದ, ಊರು ನೋಡಿ ಗೇಟು ಹಾಕುವುದು ಬೇರೆ. ಈಗಲೂ ತಾರತಮ್ಯ ಇಲ್ಲ ಅಂತಲ್ಲ. 2021ರ ಜುಲೈಯಿಂದ ಅಲ್ಲಿಯ ಕಾಲೇಜು ಆಟಗಾರರು ತಮ್ಮ ಹೆಸರು, ಫೋಟೋ ಬಳಸಿ ಜಾಹೀರಾತಿನಿಂದ ದುಡ್ಡು ಮಾಡಬಹುದು. ವಿದ್ಯಾರ್ಥಿ ವೀಸಾದವರಿಗೆ ಮಾತ್ರ ವೀಸಾ ಕಾನೂನು ಹೆಚ್ಚಾಗಿ ಅಡ್ಡ ಬರುತ್ತದೆ. ಒಂದೇ ಗೋಲು, ಒಬ್ಬನಿಗೆ ದುಡ್ಡು, ಇನ್ನೊಬ್ಬನಿಗೆ ಚಪ್ಪಾಳೆ. ಇದನ್ನು ಮೊಮ್ಮಗನಿಗೆ ಹೇಳಿದೆ. "ಅದು ಅನ್ಯಾಯ" ಅಂತ ಒಪ್ಪಿಕೊಂಡ. ಜಾಗದ ವಿಷಯದಲ್ಲಿ ಮಾತ್ರ ಒಪ್ಪಲಿಲ್ಲ. ನಾಲ್ಕು ವರ್ಷದಿಂದ ಈ ಜಗಳ ನಡೆಯುತ್ತಿದೆ, ಇಬ್ಬರೂ ಸೋತಿಲ್ಲ.

2024ರ ಫೈನಲ್ ಇಬ್ಬರೂ ಫೋನ್ ಹಿಡಿದುಕೊಂಡೇ ನೋಡಿದೆವು. ವರ್ಮಾಂಟ್ ಅನ್ನುವ ಹಿಮದ ನಾಡಿನ ತಂಡ, ಸೀಡ್ ಕೂಡ ಇರಲಿಲ್ಲ, ಹಿಂದೆ ಯಾವತ್ತೂ ಕೊನೆಯ ನಾಲ್ಕಕ್ಕೆ ಬಂದದ್ದೇ ಇಲ್ಲ. ಎದುರಿಗೆ ಅದೇ ಮಾರ್ಷಲ್. 1-1 ಆಗಿ ಅಧಿಕ ಅವಧಿಯಲ್ಲಿ ಮ್ಯಾಕ್ಸಿಮಿಲಿಯನ್ ಕಿಸ್ಸೆಲ್ ಒಬ್ಬನೇ ಚೆಂಡು ಒಯ್ದು ಗೋಲು ಹೊಡೆದ. ವರ್ಮಾಂಟ್ 2-1. ಮೊಮ್ಮಗ ಕುಣಿದಾಡಿದ, ಸಣ್ಣ ಊರು ಗೆದ್ದಿತು ಅಂತ. ಕಿಸ್ಸೆಲ್ ಜರ್ಮನಿಯವನು ಅಂತ ನಾನು ನೆನಪು ಮಾಡಿದೆ. "ಗೊತ್ತು ಅಜ್ಜ, ಇವತ್ತು ಬೇಡ" ಅಂದ.

ಈಗ ಅವನಿಗೆ ಕೆಲಸ ಸಿಕ್ಕಿದೆ. ಭಾನುವಾರ ಇಂಡಿಯಾನಾಪೊಲಿಸ್‌ನ ದಕ್ಷಿಣ ಭಾಗದಲ್ಲಿ ಸಣ್ಣ ಮಕ್ಕಳಿಗೆ ಸಾಕರ್ ಹೇಳಿಕೊಡುತ್ತಾನೆ. ಆ ಕಡೆ ಬರ್ಮಾದಿಂದ ನಿರಾಶ್ರಿತರಾಗಿ ಬಂದ ಚಿನ್ ಜನ ಬಹಳ ಇದ್ದಾರೆ. ಅವರಲ್ಲೊಬ್ಬ ಹನ್ನೊಂದು ವರ್ಷದ ಪೋರ, ಎಡಗಾಲಿನವನು, ಅವನ ವಿಡಿಯೋ ನನಗೆ ಕಳಿಸುತ್ತಿರುತ್ತಾನೆ. ಇವನು ಒಂದು ದಿನ ಬ್ಲೂಮಿಂಗ್ಟನ್ನಿನಲ್ಲಿ ಆಡುತ್ತಾನೆ ನೋಡಿ ಅನ್ನುತ್ತಾನೆ. ಹುಡುಗ ಚೆಂಡನ್ನು ಕಾಲಿಗೆ ಅಂಟಿಸಿಕೊಂಡೇ ಓಡುತ್ತಾನೆ, ಆದರೆ ತಲೆ ಎತ್ತಿ ನೋಡುವುದಿಲ್ಲ, ಪಾಸ್ ಕೊಡುವುದಿಲ್ಲ. ಅದನ್ನು ಮೊದಲು ಬಿಡಿಸು ಅಂತ ಹೇಳಿದ್ದೇನೆ.